ಸ್ಪರ್ಧೆಯ ಪಿಸ್ತೂಲನ್ನು ಆರಿಸುವುದು, ಕೈಗೆ ಹೊಂದಿಸುವುದು: ಬಳ್ಳಾರಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಸಂಡೂರು, ಕಂಪ್ಲಿ, ಸಿರುಗುಪ್ಪ ಕಡೆಯ ಎಳೆಯ ಶೂಟರ್‌ಗಳೂ ಅವರ ತಂದೆತಾಯಿಗಳೂ ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಸರಳವಾದವುಗಳಿಂದ ಕಠಿಣವಾದವುಗಳ ಕಡೆಗೆ ಇಲ್ಲಿ ಜೋಡಿಸಲಾಗಿದೆ. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲೇ ಇಟ್ಟುಕೊಂಡು ದಿನವೂ ಅಭ್ಯಾಸ ಮಾಡಬಹುದಾದದ್ದು 10 ಮೀಟರ್ ಏರ್ ಪಿಸ್ತೂಲು. ಆದ್ದರಿಂದ ಹೆಚ್ಚಿನ ಉತ್ತರಗಳು ಅದರ ಬಗೆಗಿವೆ. 25 ಮೀಟರ್ ಪಿಸ್ತೂಲು ಮತ್ತು ಪ್ರಾಕ್ಟಿಕಲ್ ಶೂಟಿಂಗ್‌ನ (ಓಡಾಡುತ್ತ ಗುರಿಗಳಿಗೆ ಹೊಡೆಯುವ ಸ್ಪರ್ಧೆಯ) ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ.

## ಕೊಳ್ಳುವ ಮೊದಲು

ಮಗಳಿಗೆ 13 ವರ್ಷ ಸರ್. ಏರ್ ಪಿಸ್ತೂಲ್ ಕೊಡಿಸಬೇಕು ಅಂದ್ರೆ ಲೈಸೆನ್ಸ್ ಬೇಕೇ ಬೇಕಾ?

ಬೇಕಾಗಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಕ್ಯಾಲಿಬರ್ (ಬ್ಯಾರೆಲಿನ ಒಳವ್ಯಾಸ) ಮತ್ತು 20 ಜೂಲ್ ಶಕ್ತಿ, ಈ ಎರಡೂ ಮಿತಿಗಳನ್ನು ಮೀರದ ಗಾಳಿ ಆಯುಧಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಸ್ಪರ್ಧೆಯ ಏರ್ ಪಿಸ್ತೂಲು ಅರ್ಧ ಗ್ರಾಂ ತೂಕದ ಪೆಲೆಟ್ ಎಂಬ ಸಣ್ಣ ಗುಂಡನ್ನು ಸೆಕೆಂಡಿಗೆ ಸುಮಾರು 155 ಮೀಟರ್ ವೇಗದಲ್ಲಿ ಬಿಡುತ್ತದೆ. ಲೆಕ್ಕ ಹಾಕಿದರೆ ಶಕ್ತಿ 6 ಜೂಲ್ ಆಸುಪಾಸು ಬರುತ್ತದೆ. ವ್ಯಾಪಾರಿ ಗುರುತಿನ ದಾಖಲೆ ಕೇಳುತ್ತಾನೆ, ಕೊಡಬೇಕು. ರಸೀದಿಯನ್ನು ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಡಬೇಕು. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಅದು ಆಟಿಕೆಯಲ್ಲ. 6 ಜೂಲ್ ಶಕ್ತಿಯ ಪೆಲೆಟ್ ಕಣ್ಣನ್ನು ಕಳೆಯಬಲ್ಲದು. ಮನೆಯಲ್ಲಿ ಬೀಗದೊಳಗಿಡಬೇಕು, ಪೆಟ್ಟಿಗೆಯಲ್ಲಿಟ್ಟೇ ಸಾಗಿಸಬೇಕು, ಬ್ಯಾರೆಲ್‌ನಲ್ಲಿ ಸೇಫ್ಟಿ ಫ್ಲ್ಯಾಗ್ (ಬ್ಯಾರೆಲ್ ಖಾಲಿಯೆಂದು ತೋರಿಸುವ ಬಣ್ಣದ ದಾರ) ಹಾಕಿರಬೇಕು, ಮತ್ತು ಹಿರಿಯರೊಬ್ಬರು ಪಕ್ಕದಲ್ಲಿಲ್ಲದೆ ಮಗು ಅದನ್ನು ತೆಗೆಯಕೂಡದು.

ಅಂಗಡಿಯಲ್ಲಿ ಸಿಗೋ ಯಾವ ಪಿಸ್ತೂಲಾದ್ರೂ ಸ್ಪರ್ಧೆಗೆ ನಡೆಯುತ್ತಾ?

ನಡೆಯುವುದಿಲ್ಲ. ಶೂಟಿಂಗ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಐಎಸ್‌ಎಸ್‌ಎಫ್‌ನ ನಿಯಮದಂತೆ ಪಿಸ್ತೂಲು 4.5 ಮಿ.ಮೀ. ಕ್ಯಾಲಿಬರ್‌ನದ್ದಾಗಿರಬೇಕು, 1,500 ಗ್ರಾಂ ಮೀರಬಾರದು, 420 × 200 × 50 ಮಿ.ಮೀ. ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಬೇಕು, ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಾಳಬೇಕು. ದುರ್ಬೀನು, ಲೇಸರ್, ರೆಡ್ ಡಾಟ್ ಯಾವುದಕ್ಕೂ ಅವಕಾಶವಿಲ್ಲ; ಗುರಿ ಹಿಡಿಯಲು ಬ್ಯಾರೆಲಿನ ಮೇಲೆ ಕಂಡಿಯಿರುವ ಹಿಂದಿನ ಸೈಟು ಮತ್ತು ಗೂಟದಂಥ ಮುಂದಿನ ಸೈಟು ಮಾತ್ರ. ಗ್ರಿಪ್ ಮಣಿಕಟ್ಟಿಗೆ ಆಸರೆಯಾಗುವಂತಿರಬಾರದು. ಈ ಗಡಿಯೊಳಗೆ ಶೂಟರ್‌ನ ಕೈ, ಕಣ್ಣು, ಬಲಕ್ಕೆ ತಕ್ಕಂತೆ ಮಾಡಿಕೊಳ್ಳುವ ಬದಲಾವಣೆಗಳನ್ನೇ ನಾವು ಕಸ್ಟಮ್ ಎನ್ನುವುದು. ಬಣ್ಣ ಬಳಿಸುವುದು, ಹೆಸರು ಕೆತ್ತಿಸುವುದು ಇದಕ್ಕೆ ಸೇರುವುದಿಲ್ಲ.

ಮೊದಲನೇ ಪಿಸ್ತೂಲಿಗೇ ಲಕ್ಷಗಟ್ಟಲೆ ಹಾಕಬೇಕಾ? ಸಾಲ ಮಾಡಿದ್ರೆ ತಪ್ಪಾ?

ಸಾಲ ಮಾಡಬೇಡಿ ಎಂದೇ ಹೇಳುತ್ತೇನೆ. ಸ್ಟೇಯರ್, ಮೊರಿನಿ, ವಾಲ್ಥರ್, ಫೈನ್‌ವೆರ್ಕ್‌ಬಾವ್, ಪಾರ್ದಿನಿ ಮುಂತಾದ ಯೂರೋಪಿನ ಪಿಸ್ತೂಲುಗಳ ಬೆಲೆ ಇಲ್ಲಿಗೆ ಬರುವ ಹೊತ್ತಿಗೆ ಲಕ್ಷ ದಾಟಿರುತ್ತದೆ. ಅವು ಆ ಬೆಲೆಗೆ ತಕ್ಕವೇ. ಆದರೆ ಮೊದಲ ಆರು ತಿಂಗಳು ಕಲಿಯುವವರ ಕೈಗೂ ತೋಳಿಗೂ ಒಂದು ಸ್ಥಿರವಾದ ರೂಢಿ ಬಂದಿರುವುದಿಲ್ಲ. ಆಗ ಕೊಂಡ ಗ್ರಿಪ್ ಅಳತೆ ಆಮೇಲೆ ಬದಲಾಗುತ್ತದೆ. ಬೆಳೆಯುವ ಮಕ್ಕಳ ಕೈಯಂತೂ ವರ್ಷದೊಳಗೆ ಬದಲಾಗುತ್ತದೆ. ಅಲ್ಲಿಯವರೆಗೆ ತರಬೇತಿ ಕೇಂದ್ರದ ಪಿಸ್ತೂಲಿನಲ್ಲಿ ಕಲಿಯುವುದೇ ಲೇಸು.

ಸೆಕೆಂಡ್ ಹ್ಯಾಂಡ್ ಪಿಸ್ತೂಲು ಕೊಳ್ಳುವವರು ಮೊದಲು ನೋಡಬೇಕಾದದ್ದು ಪೆಲೆಟ್ಟನ್ನು ತಳ್ಳುವ ಗಾಳಿ ತುಂಬಿಡುವ ಸಿಲಿಂಡರಿನ ಮೇಲೆ ಒತ್ತಿರುವ ದಿನಾಂಕ. ತಯಾರಕರು ಗಾಳಿ ಸಿಲಿಂಡರಿಗೆ ಸಾಮಾನ್ಯವಾಗಿ 10 ವರ್ಷದ ಆಯುಸ್ಸು ಕೊಡುತ್ತಾರೆ, ಮತ್ತು ಅವಧಿ ಮೀರಿಲ್ಲವೆಂದು ಖಚಿತಪಡಿಸಿಕೊಳ್ಳುವ ಹೊಣೆ ಶೂಟರ್‌ನದೇ. ಪಿಸ್ತೂಲು ಅಗ್ಗಕ್ಕೆ ಸಿಕ್ಕಿ ಅದರ ಸಿಲಿಂಡರ್‌ಗಳು ಹಳೆಯವಾಗಿದ್ದರೆ ಆ ಉಳಿತಾಯ ಹೊಸ ಸಿಲಿಂಡರ್‌ಗಳಿಗೇ ಹೋಗುತ್ತದೆ. ಸಿಲಿಂಡರನ್ನು ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಗೇಜಿನ ಮುಳ್ಳು ಇಳಿದಿದೆಯೇ ಎಂದು ನೋಡಿಯೇ ಹಣ ಕೊಡಬೇಕು.

ಎಲೆಕ್ಟ್ರಾನಿಕ್ ಟ್ರಿಗರ್ ತಗೊಳ್ಳೋದಾ, ಮೆಕ್ಯಾನಿಕಲ್ಲೇ ಸಾಕಾ?

ಎರಡರಿಂದಲೂ ಒಲಿಂಪಿಕ್ ಪದಕ ಬಂದಿವೆ. ಎಲೆಕ್ಟ್ರಾನಿಕ್ ಟ್ರಿಗರ್ ಪ್ರತಿ ಸಲವೂ ಒಂದೇ ರೀತಿ ಬಿಡುತ್ತದೆ, ಮತ್ತು ಗಾಳಿ ಖರ್ಚು ಮಾಡದೆ ಒಣ ಅಭ್ಯಾಸ (ಪೆಲೆಟ್ ಹಾಕದೆ ಬರಿಯ ಟ್ರಿಗರ್ ಎಳೆಯುವುದು) ಮಾಡುವುದು ಅದರಲ್ಲಿ ಸುಲಭ. ಮೆಕ್ಯಾನಿಕಲ್ ಟ್ರಿಗರಿಗೆ ಬ್ಯಾಟರಿಯ ಚಿಂತೆಯಿಲ್ಲ, ಮತ್ತು ಒಳಗಿನ ಕೆಲಸ ಕಣ್ಣಿಗೆ ಕಾಣುವುದರಿಂದ ದೋಷವೂ ಬೇಗ ತಿಳಿಯುತ್ತದೆ. ರಿಪೇರಿಗೆ ಬೆಂಗಳೂರು, ಮುಂಬೈ, ದೆಹಲಿಯ ದಾರಿ ನೋಡಬೇಕಾದ ನಮ್ಮ ಊರುಗಳಲ್ಲಿ ಮೊದಲ ಪಿಸ್ತೂಲಿಗೆ ಮೆಕ್ಯಾನಿಕಲ್ಲೇ ಸರಿ ಎಂಬುದು ನನ್ನ ಅಭಿಪ್ರಾಯ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟು ಅಮೂಲ್ಯವಾದ ನಿಮಿಷಗಳು ಹೋದವು, ಅವರು ಫೈನಲ್ ತಲುಪಲಿಲ್ಲ. ಅದೇ ಮನು 2024ರಲ್ಲಿ ಪ್ಯಾರಿಸ್‌ನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು, ಮಿಶ್ರ ತಂಡದಲ್ಲಿ ಸರಬ್ಜೋತ್ ಸಿಂಗ್ ಜೊತೆಗೆ ಇನ್ನೊಂದು ಕಂಚು ಪಡೆದರು. ಯಂತ್ರ ಯಾವುದೇ ಇರಲಿ, ಸ್ಪರ್ಧೆಗೆ ಹೊರಡುವ ಮುನ್ನ ಅದನ್ನು ಪರೀಕ್ಷಿಸಿರಬೇಕು. ಎಲೆಕ್ಟ್ರಾನಿಕ್ ಆಗಿದ್ದರೆ ಹೊಸ ಬ್ಯಾಟರಿ ಜೇಬಿನಲ್ಲಿರಬೇಕು.

## ಕೈಗೆ ಹೊಂದಿಸುವುದು

ಗ್ರಿಪ್ ಸರಿಯಾಗಿ ಕೂತಿದೆ ಅಂತ ಹೆಂಗೆ ಗೊತ್ತಾಗುತ್ತೆ? ಎಲ್ಲರೂ ಒಂದೊಂದು ಹೇಳ್ತಾರೆ.

ಪಿಸ್ತೂಲಿನ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ. ಬ್ಯಾರೆಲ್ ಎಷ್ಟೇ ನಿಖರವಾಗಿದ್ದರೂ ಗ್ರಿಪ್ ಕೈಯಲ್ಲಿ ಪ್ರತಿ ಸಲ ಬೇರೆ ಬೇರೆಯಾಗಿ ಕೂತರೆ ಆ ನಿಖರತೆ ಗುರಿಯವರೆಗೆ ತಲುಪುವುದಿಲ್ಲ.

ಪರೀಕ್ಷೆ ಹೀಗೆ. ಗುರಿಯ ಎದುರು ನಿಮ್ಮ ನಿಲುವಿನಲ್ಲಿ ನಿಂತು, ಪಿಸ್ತೂಲು ಹಿಡಿದು, ಕಣ್ಣು ಮುಚ್ಚಿ ತೋಳನ್ನು ಎತ್ತಿ. ಎರಡು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಮುಂದಿನ ಸೈಟು ಹಿಂದಿನ ಸೈಟಿನ ಕಂಡಿಯ ನಡುವೆ, ಮೇಲಂಚು ಸಮವಾಗಿ ನಿಂತಿದ್ದರೆ ಗ್ರಿಪ್ ಸರಿಯಿದೆ. ಮುಂದಿನ ಸೈಟು ಪ್ರತಿ ಸಲವೂ ಕಂಡಿಯ ಎಡಕ್ಕೋ ಬಲಕ್ಕೋ ಒಂದೇ ಕಡೆ ನಿಲ್ಲುತ್ತಿದ್ದರೆ ಗ್ರಿಪ್ಪನ್ನು ಫ್ರೇಮಿನ ಮೇಲೆ ಸ್ವಲ್ಪ ತಿರುಗಿಸಬೇಕು. ಮೇಲಕ್ಕೋ ಕೆಳಕ್ಕೋ ನಿಲ್ಲುತ್ತಿದ್ದರೆ ಗ್ರಿಪ್ಪಿನ ಓರೆ ಬದಲಾಯಿಸಬೇಕು. ಈಗಿನ ಪಿಸ್ತೂಲುಗಳಲ್ಲಿ ಇವೆರಡಕ್ಕೂ ಸ್ಕ್ರೂ ವ್ಯವಸ್ಥೆ ಇರುತ್ತದೆ. ಮಣಿಕಟ್ಟನ್ನು ತಿರುಚಿ ಸೈಟು ಸರಿಮಾಡಿಕೊಳ್ಳುವ ಅಭ್ಯಾಸ ಮಾತ್ರ ಬೇಡ. 60 ಗುಂಡುಗಳ ಪಂದ್ಯದಲ್ಲಿ ಮಣಿಕಟ್ಟು ದಣಿದಂತೆ ಗುಂಡುಗಳೂ ಸರಿಯುತ್ತ ಹೋಗುತ್ತವೆ.

ಮರದ ಗ್ರಿಪ್ಪಿನ ಒಳಮೈಯನ್ನು ತಿದ್ದಲು ಅಂಗೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ಹಿಡಿದು ಬಿಡಿ. ಪುಡಿ ಅಂಟಿದಲ್ಲಿ ಕೈ ಮುಟ್ಟಿದೆ; ಅಂಟದಲ್ಲಿ ಖಾಲಿ ಇದೆ. ಹೆಬ್ಬೆರಳಿನ ಬುಡದ ದಿಂಡು ಮತ್ತು ಮಧ್ಯದ ಬೆರಳಿನ ನಡುಗೆಣ್ಣು, ಈ ಎರಡು ಕಡೆ ಗಟ್ಟಿಯಾಗಿ ಮುಟ್ಟಬೇಕು. ತೋರುಬೆರಳಿನ ಬುಡ ಮಾತ್ರ ಮರವನ್ನು ಮುಟ್ಟಬಾರದು, ಏಕೆಂದರೆ ಅದು ಮುಟ್ಟಿದರೆ ಟ್ರಿಗರ್ ಎಳೆಯುವಾಗ ಪಿಸ್ತೂಲೂ ಜೊತೆಗೆ ಅಲುಗುತ್ತದೆ. ಖಾಲಿ ಜಾಗಕ್ಕೆ ಎಂ-ಸೀಲ್ ತುಂಬಿ, ಒಣಗಿದ ಮೇಲೆ ಅರದಿಂದಲೂ ಉಪ್ಪುಕಾಗದದಿಂದಲೂ ತಿದ್ದಬಹುದು. ಒಂದು ದಿನಕ್ಕೆ ಒಂದೇ ಜಾಗವನ್ನು ತಿದ್ದಿ, ಅದರಲ್ಲಿ ಒಂದು ವಾರ ಅಭ್ಯಾಸ ಮಾಡಿ, ಆಮೇಲೆ ಮುಂದಿನ ಜಾಗಕ್ಕೆ ಹೋಗಬೇಕು. ಕೆರೆದ ಮರ ಮತ್ತೆ ಬೆಳೆಯುವುದಿಲ್ಲ.

ಗ್ರಿಪ್ಪಿನ ಬುಡದಲ್ಲಿ ಅಂಗೈಯ ಅಂಚು ಊರುವ ತಟ್ಟನ್ನು ಬಿಗಿಯಾಗಿ ಒತ್ತುವಂತೆ ಏರಿಸುವುದು ಹೊಸಬರಲ್ಲಿ ಸಾಮಾನ್ಯ. ಒಂದು ತೆಳು ಕಾಗದ ನುಸುಳುವಷ್ಟು ಸಡಿಲವಿರಲಿ. ಆ ತಟ್ಟು ಕೈಯನ್ನು ಅಪ್ಪುವಂತೆ ಮೇಲಕ್ಕೆ ಬಾಗಿರಬಾರದೆಂಬ ನಿಯಮವೂ ಇದೆ, ಆದ್ದರಿಂದ ತಿದ್ದುವ ಉತ್ಸಾಹದಲ್ಲಿ ತಪಾಸಣೆಯಲ್ಲಿ ಸಿಕ್ಕಿಬೀಳುವಂತಾಗಬಾರದು.

ಸೈಟು ಸ್ವಲ್ಪ ಆಕಡೆ ಈಕಡೆ ಆದ್ರೆ ಏನಾಗುತ್ತೆ? ಕಪ್ಪು ವೃತ್ತದ ಮೇಲೆ ಕಣ್ಣಿಟ್ಟರೆ ಸಾಲದಾ?

ಸಾಲದು, ಅದನ್ನು ಅಂಕಿಗಳೇ ಹೇಳುತ್ತವೆ. ಎರಡು ಸೈಟುಗಳ ನಡುವಿನ ದೂರ ಸುಮಾರು 35 ಸೆಂಟಿಮೀಟರ್. ಮುಂದಿನ ಸೈಟು ಕಂಡಿಯಲ್ಲಿ 1 ಮಿ.ಮೀ. ಸರಿದರೆ 10 ಮೀಟರ್ ಆಚೆ ಗುಂಡು ಸುಮಾರು 28 ಮಿ.ಮೀ. ಸರಿಯುತ್ತದೆ. ಹತ್ತರ ವೃತ್ತದ ವ್ಯಾಸ 11.5 ಮಿ.ಮೀ., ಅದರಾಚೆಗೆ ಪ್ರತಿ ಅಂಕವೂ 8 ಮಿ.ಮೀ. ಅಂತರದಲ್ಲಿ ಇಳಿಯುತ್ತದೆ, ಹೀಗಾಗಿ ಹತ್ತಾಗಬೇಕಿದ್ದದ್ದು ಏಳಾಗುತ್ತದೆ. ಆದರೆ ಸೈಟುಗಳೆರಡೂ ಒಂದಕ್ಕೊಂದು ಸರಿಯಾಗಿ ನಿಂತಿದ್ದು, ಇಡೀ ತೋಳೇ 5 ಮಿ.ಮೀ. ಪಕ್ಕಕ್ಕೆ ತೇಲಿದರೆ ಗುಂಡೂ 5 ಮಿ.ಮೀ. ಮಾತ್ರ ಸರಿಯುತ್ತದೆ, ಅದು ಹತ್ತೇ. ಆದ್ದರಿಂದ ಕಣ್ಣು ಮುಂದಿನ ಸೈಟಿನ ಮೇಲಿರಬೇಕು, ಗುರಿ ಮಸುಕಾಗಿ ಕಾಣಬೇಕು.

ಕಂಡಿಯ ಅಗಲವನ್ನು ಮುಂದಿನ ಸೈಟಿನ ಎರಡೂ ಬದಿಗೆ ಬೆಳಕಿನ ಗೀರು ಸ್ಪಷ್ಟವಾಗಿ ಕಾಣುವಷ್ಟು ಇಡಬೇಕು. ಬೆಳಕು ಕಡಿಮೆಯಿರುವ ಹಾಲ್‌ಗಳಲ್ಲಿ ಅದನ್ನು ಸ್ವಲ್ಪ ಹೆಚ್ಚಿಸಬೇಕಾಗುತ್ತದೆ. ಕಪ್ಪು ವೃತ್ತದ ನಡುವೆ ಗುರಿಯಿಡದೆ ಅದರ ಕೆಳಗಿನ ಬಿಳಿಯಲ್ಲಿ ಗುರಿಯಿಟ್ಟರೆ ಕಪ್ಪು ಸೈಟು ಬಿಳಿಯ ಮೇಲೆ ಚೆನ್ನಾಗಿ ಕಾಣುತ್ತದೆ. ಗುಂಡುಗಳ ಗುಂಪು ಎಡಕ್ಕೆ ಬಿದ್ದರೆ ಹಿಂದಿನ ಸೈಟನ್ನು ಬಲಕ್ಕೆ ಸರಿಸಬೇಕು. ಹಿಂದಿನ ಸೈಟು ಹೋದ ಕಡೆಗೇ ಗುಂಡೂ ಹೋಗುತ್ತದೆ. ಒಂದು ಗುಂಡು ನೋಡಿ ಸೈಟು ತಿರುಗಿಸಬಾರದು, ಕನಿಷ್ಠ ಐದರ ಗುಂಪು ಬೀಳಲಿ.

ಟ್ರಿಗರ್ 500 ಗ್ರಾಮ್‌ಗೇ ಸೆಟ್ ಮಾಡಿದ್ರೆ ತಪಾಸಣೆಯಲ್ಲಿ ಪಾಸಾಗುತ್ತಾ?

ಒಮ್ಮೆ ಆಗಬಹುದು, ಇನ್ನೊಮ್ಮೆ ಆಗದಿರಬಹುದು. ತಪಾಸಣೆಯಲ್ಲಿ ಬ್ಯಾರೆಲನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು ಟ್ರಿಗರಿಗೆ 500 ಗ್ರಾಂ ತೂಕ ನೇತುಹಾಕಿ ಎತ್ತುತ್ತಾರೆ. ಟ್ರಿಗರ್ ಬಿಡದೆ ನಿಲ್ಲಬೇಕು. ಪಂದ್ಯ ಮುಗಿದ ಕೂಡಲೇ ಕೆಲವರನ್ನು ಆರಿಸಿ ಮತ್ತೆ ಪರೀಕ್ಷಿಸುತ್ತಾರೆ, ಅಲ್ಲಿ ಸೋತರೆ ಅನರ್ಹತೆ. 515 ಅಥವಾ 520 ಗ್ರಾಂಗೆ ಇಟ್ಟುಕೊಂಡರೆ ಬೆರಳಿಗೆ ವ್ಯತ್ಯಾಸವೇ ತಿಳಿಯದು, ಮನಸ್ಸಿಗೆ ನೆಮ್ಮದಿ ಇರುತ್ತದೆ. ಈ ಭಾರವನ್ನು ಎರಡು ಹಂತಗಳಲ್ಲಿ ಹಂಚುವುದರಲ್ಲಿ ಜಾಣತನವಿದೆ: ಮೊದಲ ಹಂತದಲ್ಲಿ 350ರಿಂದ 400 ಗ್ರಾಂ ಹೀರಿಕೊಂಡು ಬೆರಳು ಗೋಡೆಗೆ ತಗುಲಿದಂತೆ ನಿಲ್ಲಬೇಕು, ಉಳಿದದ್ದಕ್ಕೆ ಎರಡನೆಯ ಹಂತ ಬಿಡಬೇಕು. ಟ್ರಿಗರಿನ ನಾಲಿಗೆಯನ್ನು ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ನೇರವಾಗಿ ಹಿಂದಕ್ಕೆ ಎಳೆಯುವಂತೆ ಸರಿಸಿಡಿ.

ಮುಂದೆ ಭಾರ ಹಾಕಿದ್ರೆ ಕೈ ಅಲುಗಲ್ಲ ಅಂತಾರೆ, ನಿಜಾನಾ?

ಒಂದು ಮಿತಿಯವರೆಗೆ ನಿಜ. ಮುಂಭಾಗದ ಭಾರ ಸಣ್ಣ ನಡುಕವನ್ನು ನಿಧಾನಗೊಳಿಸುತ್ತದೆ, ಆದರೆ ಭುಜವನ್ನು ದಣಿಸುತ್ತದೆ. ಪಂದ್ಯದ ಕೊನೆಯ ಹತ್ತು ಗುಂಡುಗಳನ್ನು ನೋಡಿ ತೀರ್ಮಾನಿಸಬೇಕು. ಮಕ್ಕಳಿಗೆ ಉದ್ದ ಕಡಿಮೆ ಇರುವ ಕಾಂಪ್ಯಾಕ್ಟ್ ಮಾದರಿಗಳೇ ಒಳ್ಳೆಯವು.

ವಯಸ್ಸು 45 ದಾಟಿದೆ. ಸೈಟು ಮಂಜು ಮಂಜಾಗಿ ಕಾಣ್ತದೆ.

ಓದುವ ಕನ್ನಡಕ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಪುಸ್ತಕಕ್ಕಿಂತ ಸೈಟು ಹೆಚ್ಚು ದೂರದಲ್ಲಿದೆ. ಕಣ್ಣಿನ ವೈದ್ಯರ ಬಳಿ ದೂರದೃಷ್ಟಿಯ ಅಳತೆ ಮಾಡಿಸಿ, ಅದಕ್ಕೆ +0.50 ಅಥವಾ +0.75 ಸೇರಿಸಿ ನೋಡಲು ಕೇಳಿ. ಖಾಲಿ ಪಿಸ್ತೂಲಿನ ಬದಲು ತೋಳಿನಷ್ಟು ಉದ್ದದ ಒಂದು ಕೋಲಿನ ತುದಿಗೆ ಕಪ್ಪು ಪಟ್ಟಿ ಅಂಟಿಸಿಕೊಂಡು ಹೋದರೆ ಆಸ್ಪತ್ರೆಯಲ್ಲಿ ಯಾರಿಗೂ ಗಾಬರಿಯಾಗದು, ಅಳತೆಯೂ ಸರಿಯಾಗಿ ಸಿಗುತ್ತದೆ. ಮುಖಕ್ಕೆ ಪಾರ್ಶ್ವವಾಯು ಬಂದಮೇಲೂ ಮರಳಿ ಪಿಸ್ತೂಲು ಹಿಡಿದು, 2016ರ ರಿಯೊ ಒಲಿಂಪಿಕ್ಸ್‌ವರೆಗೆ ಹೋದ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು ನಮ್ಮ ರಾಜ್ಯದವರೇ ಎಂಬುದನ್ನು ವಯಸ್ಸಿನ ನೆವ ಹೇಳುವವರಿಗೆ ನಾನು ನೆನಪಿಸುತ್ತಿರುತ್ತೇನೆ.

## ನಮ್ಮ ಬಿಸಿಲು, ನಮ್ಮ ಧೂಳು

ಯಾವ ಪೆಲೆಟ್ ಒಳ್ಳೇದು?

ತುದಿ ಚಪ್ಪಟೆಯಾಗಿರುವ ಪೆಲೆಟ್ ಮಾತ್ರ, ಏಕೆಂದರೆ ಅದು ಕಾಗದದಲ್ಲಿ ಅಂಚು ಹರಿಯದ ದುಂಡು ತೂತು ಮಾಡುತ್ತದೆ. ತಲೆಯ ಅಳತೆ 4.48ರಿಂದ 4.51 ಮಿ.ಮೀ.ವರೆಗೆ ಬೇರೆ ಬೇರೆ ಸಿಗುತ್ತದೆ. ನಿಮ್ಮ ಬ್ಯಾರೆಲ್ ಯಾವುದನ್ನು ಮೆಚ್ಚುತ್ತದೆ ಎಂದು ಪಿಸ್ತೂಲನ್ನು ಬಿಗಿಯಾಗಿ ಆನಿಸಿಟ್ಟು ಹಾರಿಸಿ ತಿಳಿಯಬೇಕು. 60 ಗುಂಡುಗಳ ಪಂದ್ಯದಲ್ಲಿ 600ಕ್ಕೆ ಇನ್ನೂ 540 ಅಂಕಗಳ ಆಸುಪಾಸಿನಲ್ಲಿರುವವರು ದುಬಾರಿ ಮ್ಯಾಚ್ ಪೆಲೆಟ್ಟಿಗೆ ಹಣ ಹಾಕದೆ ಅದೇ ಹಣಕ್ಕೆ ಹೆಚ್ಚು ಡಬ್ಬಿ ಅಭ್ಯಾಸದ ಪೆಲೆಟ್ ಕೊಳ್ಳುವುದು ಮೇಲು.

ಮೇ ತಿಂಗಳಲ್ಲಿ ಸಿಲಿಂಡರ್ ಕಾರಲ್ಲೇ ಬಿಟ್ಟು ಹೋದ್ರೆ ಸಿಡಿಯುತ್ತಾ?

ಸುರಕ್ಷತೆಯ ಅಂತರವಿಟ್ಟೇ ಸಿಲಿಂಡರ್ ತಯಾರಿಸಿರುತ್ತಾರೆ, ಆದರೆ ಆ ಅಂತರವನ್ನು ದಿನವೂ ತಿನ್ನುತ್ತ ಹೋಗಬಾರದು. 25 ಡಿಗ್ರಿಯಲ್ಲಿ 200 ಬಾರ್‌ಗೆ ತುಂಬಿದ ಸಿಲಿಂಡರ್, ಮುಚ್ಚಿದ ಕಾರಿನಲ್ಲಿ 60 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಸುಮಾರು 223 ಬಾರ್‌ಗೆ ಏರುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುವಾಗ ಇದು ಊಹೆಯ ಮಾತಲ್ಲ. ಬೇಸಿಗೆಯಲ್ಲಿ ಪೂರ್ತಿ ತುಂಬದೆ 180ಕ್ಕೆ ನಿಲ್ಲಿಸಿ, ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿ ಮನೆಯೊಳಗೇ ಇಡಿ. ವಿಮಾನದಲ್ಲಿ ಹೋಗುವಾಗ ಅದು ಖಾಲಿಯಿರಬೇಕು; ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೊರಟವರೂ ಖಾಲಿ ಮಾಡಿಕೊಂಡು ಹೋಗಿ ಅಲ್ಲೇ ತುಂಬಿಸುವುದು ಲೇಸು.

ಬಿಸಿಲಿಗಿಂತ ಹೆಚ್ಚು ಕೆಡುಕು ಮಾಡುವುದು ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಧೂಳು. ಸಿಲಿಂಡರ್ ಬಿಚ್ಚಿದ ಕೂಡಲೇ ಅದರ ಬಾಯಿಗೂ ಪಿಸ್ತೂಲಿನ ಬಾಯಿಗೂ ಮುಚ್ಚಳ ಹಾಕದಿದ್ದರೆ ಆ ನುಣುಪು ಪುಡಿ ಓ-ರಿಂಗಿನ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಯ) ಮೇಲೆ ಕೂತು, ಜೋಡಿಸುವಾಗ ಅದನ್ನು ಗೀರುತ್ತದೆ. ಗೀರಿದ ರಿಂಗಿನಿಂದ ಗಾಳಿ ಸೋರಲು ತೊಡಗುತ್ತದೆ. ಅಭ್ಯಾಸಕ್ಕೆ ಮುನ್ನ ಒದ್ದೆಯಿಲ್ಲದ ಮೆದು ಬಟ್ಟೆಯಿಂದ ಆ ಬಾಯಿಗಳನ್ನು ಒರೆಸಿ, ರಿಂಗಿಗೆ ತಯಾರಕರು ಹೇಳಿದ ಗ್ರೀಸನ್ನು ಬೆರಳ ತುದಿಯಲ್ಲಿ ಹೊಳಪು ಬರುವಷ್ಟೇ ಸವರಿ. ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಎರಡೂ ಬೇಡ. ಕೈಪಂಪಿನಿಂದ ತುಂಬುವವರು ತೇವ ಹೀರುವ ಫಿಲ್ಟರ್ ಹಾಕಲೇಬೇಕು, ಅದರಲ್ಲೂ ತುಂಗಭದ್ರಾ ಕಾಲುವೆಯ ಭತ್ತದ ಸೀಮೆಯಲ್ಲಿ ಇರುವವರು.

ಮನೆ ಮಾಳಿಗೆ ಮೇಲೆ ರೇಂಜ್ ಮಾಡಿಕೊಳ್ಳಬಹುದಾ?

ತೆರೆದ ಮಾಳಿಗೆ ಬೇಡ, ಎರಡೂ ಬದಿಗೆ ಗೋಡೆಯಿರುವ, ನಡುವೆ ಬಾಗಿಲು ತೆರೆಯದ ಉದ್ದನೆಯ ಕೋಣೆ ಅಥವಾ ಓಣಿ ಇದ್ದರೆ ಆಗುತ್ತದೆ. ಶೂಟರ್ ನಿಲ್ಲುವ ಗೆರೆಯಿಂದ ಗುರಿಗೆ 10 ಮೀಟರ್, ನೆಲದಿಂದ ಗುರಿಯ ನಡುವಿಗೆ 1.40 ಮೀಟರ್. ನಮ್ಮಲ್ಲಿ ಕಲ್ಲಿನ ಗೋಡೆಗಳೇ ಹೆಚ್ಚು, ಬರಿಯ ಕಲ್ಲಿಗೆ ಬಡಿದ ಪೆಲೆಟ್ ಮರಳಿ ಹಾರುತ್ತದೆ. ಒಂದೂವರೆ ಅಡಿ ಆಳದ ಮರದ ಪೆಟ್ಟಿಗೆಯ ಹಿಂಬದಿಗೆ ಕಬ್ಬಿಣದ ತಗಡು ಹೊಡೆದು, ಒಳಗೆ ಚಿಂದಿ ಬಟ್ಟೆಯನ್ನು ಬಿಗಿಯಾಗಿ ಗಿಡಿದು ತುಂಬಿದರೆ ಪೆಲೆಟ್ ಅಲ್ಲೇ ಉಳಿಯುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ಇದಕ್ಕೆ ಹೇಳಿಮಾಡಿಸಿದಂಥ ದಪ್ಪ ಚಿಂದಿ ಸಿಗುತ್ತದೆ. ಪೆಲೆಟ್ ಸೀಸದ್ದು, ಅಭ್ಯಾಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಊಟಕ್ಕೆ ಕೂರಬಾರದು, ಆ ಚಿಂದಿಯನ್ನು ಸುಡಬಾರದು.

## ಮುಂದಿನ ಹಂತ

25 ಮೀಟರ್‌ಗೆ ಹೋಗಬೇಕು. ಏನೇನು ಬದಲಾಗುತ್ತೆ?

ಎಲ್ಲಕ್ಕಿಂತ ಮೊದಲು ಕಾನೂನು ಬದಲಾಗುತ್ತದೆ. ಪಾಯಿಂಟ್ 22 ಸ್ಪೋರ್ಟ್ ಪಿಸ್ತೂಲು ಸಿಡಿಮದ್ದಿನ ಆಯುಧವಾದ್ದರಿಂದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಕಡೆಯವರು ಅರ್ಜಿ ಹಿಡಿದು ಬಳ್ಳಾರಿಗೆ ಬರಬೇಕಾಗಿಲ್ಲ, ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ಪಿಸ್ತೂಲಿನ ವಿಷಯಕ್ಕೆ ಬಂದರೆ ಟ್ರಿಗರ್ ಕನಿಷ್ಠ 1,000 ಗ್ರಾಂ, ಒಟ್ಟು ತೂಕ 1,400 ಗ್ರಾಂ ಒಳಗೆ, ಪೆಟ್ಟಿಗೆ 300 × 150 × 50 ಮಿ.ಮೀ. ಏರ್ ಪಿಸ್ತೂಲಿನ ಗ್ರಿಪ್ಪಿನ ಅಳತೆಯನ್ನೇ ಇಲ್ಲಿಗೂ ತಂದರೆ ಕೈಗೆ ಹೊಸತಾಗಿ ಕಲಿಯುವ ಶ್ರಮವಿರುವುದಿಲ್ಲ, ಆದರೆ ಹಿಡಿತ ಸ್ವಲ್ಪ ಗಟ್ಟಿಯಾಗಬೇಕು, ಏಕೆಂದರೆ ಒದೆತ ಇದೆ ಮತ್ತು ರಾಪಿಡ್ ಸುತ್ತಿನಲ್ಲಿ ಗುರಿ ಮೂರೇ ಸೆಕೆಂಡು ತೋರುತ್ತದೆ.

ಐಪಿಎಸ್‌ಸಿ ಅಂದ್ರೇನು? ಓಡ್ತಾ ಹೊಡೆಯೋದು ಅಂತಾರಲ್ಲ?

1976ರಲ್ಲಿ ಅಮೆರಿಕದ ಮಿಸೌರಿಯ ಕೊಲಂಬಿಯಾದಲ್ಲಿ ಆರಂಭವಾದ, ಪ್ರಾಕ್ಟಿಕಲ್ ಶೂಟಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಅದು; ಜೆಫ್ ಕೂಪರ್ ಮೊದಲ ಅಧ್ಯಕ್ಷರು. ನಿಖರತೆ, ಬಲ, ವೇಗ ಎಂಬ ಮೂರನ್ನೂ ಒಟ್ಟಿಗೆ ಅಳೆಯುವುದು ಅದರ ತತ್ವ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಒಬ್ಬರು 12 ಸೆಕೆಂಡಿನಲ್ಲಿ 60 ಅಂಕ ಗಳಿಸಿದರೆ ಫಲ 5. ಇನ್ನೊಬ್ಬರು 10 ಸೆಕೆಂಡಿನಲ್ಲಿ 55 ಗಳಿಸಿದರೆ 5.5, ಅವರೇ ಮುಂದೆ. ಬೆರಳು ಯಾವಾಗ ಟ್ರಿಗರಿನಿಂದ ಹೊರಗಿರಬೇಕು, ಬ್ಯಾರೆಲ್ ಯಾವ ಕೋನ ದಾಟಬಾರದು ಎಂಬ ಸುರಕ್ಷತಾ ನಿಯಮಗಳು ಅತ್ಯಂತ ಕಠಿಣ, ಒಂದು ಸಲ ಮೀರಿದರೂ ಪಂದ್ಯದಿಂದ ಹೊರಗೆ.

ಅಪ್ಪನ ಹೆಸರಲ್ಲಿ ಪಾಯಿಂಟ್ 32 ಲೈಸೆನ್ಸ್ ಪಿಸ್ತೂಲ್ ಇದೆ. ಅದನ್ನೇ ಕಸ್ಟಮ್ ಮಾಡಿಸಿ ಆಡಬಹುದಾ?

ಆಗುವುದಿಲ್ಲ, ಮೂರು ಕಾರಣಗಳಿಗೆ. ಒಂದು, ಪರವಾನಗಿ ಅಪ್ಪನದು, ಆಯುಧವೂ ಅವರ ಕೈಯಲ್ಲೇ ಇರಬೇಕು. ಎರಡು, ಐಪಿಎಸ್‌ಸಿಯಲ್ಲಿ ಕನಿಷ್ಠ ಕಾಡತೂಸು 9 × 19 ಮಿ.ಮೀ., ಅದು ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್ (ಗುಂಡಿನ ಅಳತೆ). ಅಲ್ಲಿ ಪವರ್ ಫ್ಯಾಕ್ಟರ್ ಎಂಬ ಅಳತೆಯೂ ಇದೆ: ಗ್ರೇನ್ ಎಂಬ ಮಾನದಲ್ಲಿ ಅಳೆದ ಗುಂಡಿನ ತೂಕವನ್ನು ಸೆಕೆಂಡಿಗೆ ಅಡಿಗಳ ವೇಗದಿಂದ ಗುಣಿಸಿ 1,000ದಿಂದ ಭಾಗಿಸಿದರೆ ಕನಿಷ್ಠ 125 ಬರಬೇಕು. 124 ಗ್ರೇನಿನ 9 ಎಂ.ಎಂ. ಗುಂಡು 1,050 ಅಡಿ ವೇಗದಲ್ಲಿ 130 ಕೊಡುತ್ತದೆ. 71 ಗ್ರೇನಿನ ಪಾಯಿಂಟ್ 32 ಗುಂಡು 900 ಅಡಿ ವೇಗದಲ್ಲಿ 64ರ ಹತ್ತಿರವೇ ನಿಲ್ಲುತ್ತದೆ. ಯಾವ ಕುಶಲಕರ್ಮಿಯೂ ಈ ಅಂತರ ತುಂಬಲಾರ. ಮೂರು, ಪರವಾನಗಿಯಿಲ್ಲದ ಲೇತ್ ಅಂಗಡಿಯಲ್ಲಿ ಬಂದೂಕಿನ ರಿಪೇರಿ ಮಾಡಿಸುವುದೂ ಅಪರಾಧವೇ. ಅಪ್ಪನ ಪಿಸ್ತೂಲನ್ನು ಇದ್ದಂತೆಯೇ ಇರಗೊಡಿ.

ಹಾಗಾದ್ರೆ ಹೊರದೇಶದಲ್ಲಿ ಆಡೋರು ಪಿಸ್ತೂಲನ್ನ ಹೆಂಗೆ ಸಿದ್ಧ ಮಾಡ್ಕೋತಾರೆ?

ಗಲ್ಫ್‌ಗೋ ಯೂರೋಪಿಗೋ ಕೆಲಸಕ್ಕೆ ಹೋದ ನಮ್ಮ ಹುಡುಗರು ಇದನ್ನು ಹೆಚ್ಚಾಗಿ ಕೇಳುತ್ತಾರೆ. ಅಲ್ಲಿ ಮೊದಲು ವಿಭಾಗ ಆರಿಸಬೇಕು, ಆಮೇಲೆ ಪಿಸ್ತೂಲು. ಪ್ರೊಡಕ್ಷನ್ ವಿಭಾಗದಲ್ಲಿ ಕಾರ್ಖಾನೆಯ ಪಿಸ್ತೂಲಿಗೆ ಅಲ್ಪ ಬದಲಾವಣೆ ಮಾತ್ರ. ಟ್ರಿಗರ್ ಮೊದಲ ಗುಂಡಿಗೆ 2.27 ಕೆ.ಜಿ. ಅಥವಾ ಪ್ರತಿ ಗುಂಡಿಗೂ 1.36 ಕೆ.ಜಿ. ಇರಬೇಕು. ಸ್ಟ್ಯಾಂಡರ್ಡ್ ವಿಭಾಗದಲ್ಲಿ ಟ್ರಿಗರ್, ಮ್ಯಾಗಜಿನ್ (ಕಾಡತೂಸು ತುಂಬುವ ಡಬ್ಬಿ) ಸೇರುವ ಬಾಯಿ, ಗ್ರಿಪ್ ತಿದ್ದಲು ಅವಕಾಶ ಹೆಚ್ಚು, ಆದರೆ ಇಡೀ ಪಿಸ್ತೂಲು 225 × 150 × 45 ಮಿ.ಮೀ. ಪೆಟ್ಟಿಗೆಯಲ್ಲಿ ಹಿಡಿಸಬೇಕು. ಓಪನ್ ವಿಭಾಗದಲ್ಲಿ ರೆಡ್ ಡಾಟ್, ಒದೆತ ತಗ್ಗಿಸುವ ಕಾಂಪೆನ್ಸೇಟರ್ ಎಲ್ಲವೂ ನಡೆಯುತ್ತವೆ. ಹಣವೂ ಹಾಗೆಯೇ ಹರಿಯುತ್ತದೆ. ಹೊಸಬರಿಗೆ ಪ್ರೊಡಕ್ಷನ್ ವಿಭಾಗವೇ ತಕ್ಕದ್ದು, ಸಿಝಡ್ ಶ್ಯಾಡೋ 2ರಂಥ ಭಾರದ ಉಕ್ಕಿನ ಪಿಸ್ತೂಲು ಅಲ್ಲಿ ಬಹಳ ಬಳಕೆಯಲ್ಲಿದೆ.

ಸಿದ್ಧಪಡಿಸುವ ಕ್ರಮದಲ್ಲಿ ಮೊದಲ ಸ್ಥಾನ ಪಿಸ್ತೂಲು ಅಡಚಣೆಯಿಲ್ಲದೆ ಗುಂಡು ಹಾರಿಸುತ್ತ ಹೋಗುವುದಕ್ಕೆ. ನಡುವೆ ಒಮ್ಮೆ ಕಾಡತೂಸು ಸಿಕ್ಕಿಕೊಂಡರೆ ಎರಡು ಮೂರು ಸೆಕೆಂಡು ಹೋಗುತ್ತವೆ, ಮೇಲಿನ ಲೆಕ್ಕದಲ್ಲಿ ಅದೇ ಸೋಲು. ಸಿಕ್ಕಿಕೊಳ್ಳುವುದಕ್ಕೆ ಹೆಚ್ಚಿನ ಸಲ ಪಿಸ್ತೂಲಿಗಿಂತ ಮ್ಯಾಗಜಿನ್ ಕಾರಣ: ತುಟಿ ಬಾಗಿರುತ್ತದೆ, ಸ್ಪ್ರಿಂಗ್ ಸೋತಿರುತ್ತದೆ, ಒಳಗೆ ಮರಳು ಸೇರಿರುತ್ತದೆ. ಪ್ರತಿ ಮ್ಯಾಗಜಿನ್ನಿಗೂ ಸಂಖ್ಯೆ ಬರೆದು, ತೊಂದರೆ ಕೊಟ್ಟದ್ದನ್ನು ಅಭ್ಯಾಸಕ್ಕೆ ಮಾತ್ರ ಇಟ್ಟುಕೊಳ್ಳಬೇಕು. ಆಮೇಲೆ ಕಾಡತೂಸಿನ ಬಲಕ್ಕೆ ತಕ್ಕ ರಿಕಾಯಿಲ್ ಸ್ಪ್ರಿಂಗ್: ಅದು ತೀರಾ ಗಟ್ಟಿಯಾಗಿದ್ದರೆ ಸ್ಲೈಡ್ (ಗುಂಡು ಹಾರಿದಾಗ ಹಿಂದೆ ಮುಂದೆ ಜಾರುವ ಮೇಲ್ಭಾಗ) ಮುಂದೆ ಬಂದು ಬಡಿದಾಗ ಸೈಟು ಕೆಳಕ್ಕೆ ಮುಗ್ಗರಿಸುತ್ತದೆ, ತೀರಾ ಮೆದುವಾಗಿದ್ದರೆ ಸ್ಲೈಡ್ ಹಿಂದಕ್ಕೆ ಜೋರಾಗಿ ಗುದ್ದುತ್ತದೆ. ಗುಂಡು ಹಾರಿದ ಮೇಲೆ ಸೈಟು ತಾನಾಗಿ ಮೊದಲಿದ್ದ ಜಾಗಕ್ಕೆ ಮರಳುವ ಸ್ಪ್ರಿಂಗ್ ಸಿಗುವವರೆಗೆ ಬದಲಿಸಿ ನೋಡಬೇಕು. ಸೈಟು, ಗ್ರಿಪ್, ಬೆಲ್ಟು, ಹೋಲ್ಸ್ಟರ್ ಇವುಗಳ ನಂತರ ಬರುತ್ತವೆ. ಟ್ರಿಗರನ್ನು ಹಗುರಗೊಳಿಸುವ ಕೆಲಸ ಎಲ್ಲಕ್ಕಿಂತ ಕೊನೆಯದು, ಮತ್ತು ಅದನ್ನು ಆ ದೇಶದ ಪರವಾನಗಿ ಪಡೆದ ಗನ್‌ಸ್ಮಿತ್‌ನಿಂದಲೇ ಮಾಡಿಸಿ, ತೂಕ ಅಳೆಸಿ, ಲಿಖಿತವಾಗಿ ಪಡೆದುಕೊಳ್ಳಬೇಕು.